ಕಿವಿ ಮೇಸ್ತ್ರಿ ಆರಿಸಿದ ಗಾಡಿ

ಮೇಸ್ತ್ರಿ ತೋರುಬೆರಳು ಎತ್ತಿದ. ಅಂದರೆ ಇನ್ನು ಯಾರೂ ಉಸಿರೆತ್ತಬಾರದು. ಗಾಡಿ ತೊಳೆಯುತ್ತಿದ್ದವನು ನೀರಿನ ಪೈಪನ್ನು ಕೆಳಗಿಟ್ಟ. ಹಳೇ ಕಾರುಗಳ ಆ ಅಂಗಳದ ಮಾಲೀಕ ಮೊಬೈಲನ್ನು ಜೇಬಿಗೆ ಸೇರಿಸಿದ. ಬೂದು ಬಣ್ಣದ ಕಾರಿನೊಳಗೆ ಸ್ಟೇರಿಂಗಿನ ಹಿಂದೆ ಕೂತಿದ್ದ ಮಗಳು ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡಿದಳು. ಮೇಸ್ತ್ರಿ ಬೆರಳು ಇಳಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತೆರೆದ ಬಾನೆಟ್ಟಿನ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತ.

ನಲವತ್ತು ವರ್ಷ ರಿಪೇರಿ ಅಂಗಡಿ ನಡೆಸಿದವನು ಅವನು. ಕಿವಿ ಮೇಸ್ತ್ರಿ ಎಂದೇ ಹೆಸರಾಗಿತ್ತು. ಹಳೇ ಕಾರು ಕೊಳ್ಳುವವರು ಹಣ ಹೊಂದಿಸುವುದಕ್ಕೆ ಮೊದಲು ಇವನ ಬಿಡುವು ಕೇಳುತ್ತಿದ್ದರು. ಅವನು ಗಾಡಿಯನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕಿವಿ ಕೇಳುವಾಗ ಕೈ ನಡುವೆ ಬಾಯಿ ಹಾಕುತ್ತದೆ ಎನ್ನುತ್ತಿದ್ದ. ಅರ್ಧ ನಿಮಿಷ ಆಲಿಸಿ, ಕಣ್ಣು ಬಿಟ್ಟು, ಡಾಕ್ಟರರಂತೆ ರೋಗ ಹೇಳುತ್ತಿದ್ದ. ಬೇಡ ಎಂದರೆ ಆ ಗಾಡಿಯ ಹಣೆಬರಹ ಅಲ್ಲಿಗೆ ಮುಗಿಯಿತು. ಬೇಕು ಎಂದರೆ ಮಾತ್ರ ಬಾನೆಟ್ ಇಳಿಸಿ ಅದರ ಮೇಲೆ ಎರಡು ಸಲ ಅಂಗೈಯಿಂದ ತಟ್ಟುತ್ತಿದ್ದ. ಈ ಅಂಗಳದಲ್ಲಿ ಎಷ್ಟೋ ಗಾಡಿಗಳಿಗೆ ಅವನು ಬೇಡ ಎಂದಿದ್ದಾನೆ. ಆ ಬೆರಳನ್ನು ಕಂಡರೆ ಮಾಲೀಕನಿಗೆ ಆಗುತ್ತಿರಲಿಲ್ಲ.

ಮಗಳು ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದು ಮಲಗಿದವರ ಮನೆಗಳಿಗೆ ಹೋಗಿ ಅವರ ಕೈಕಾಲು ಆಡಿಸುವುದು ಅವಳ ಕೆಲಸ. ಕಳೆದ ವರ್ಷ ಸ್ಕೂಟರಿನಿಂದ ಬಿದ್ದು ಅವಳ ಎಡಗಾಲಿನ ಮೂಳೆಗೇ ಕಬ್ಬಿಣದ ಸರಳು ಹಾಕಬೇಕಾಗಿ ಬಂದಿತ್ತು. ಕ್ಲಚ್ ಒತ್ತುವ ಹಾಗಿಲ್ಲ, ಆಟೋಮ್ಯಾಟಿಕ್ ಗಾಡಿಯೇ ಆಗಬೇಕು. ದಿನಕ್ಕೆ ಆರು ಮನೆ, ಇಕ್ಕಟ್ಟಾದ ಓಣಿಗಳು. ನಡುದಾರಿಯಲ್ಲಿ ಕೈಕೊಡುವ ಗಾಡಿ ಸಿಕ್ಕಿದರೆ ಕೆಲಸವೂ ಕೈಬಿಟ್ಟಂತೆ. ತಿಂಗಳುಗಟ್ಟಲೆ ಓದಿ, ಕೇಳಿ, ಅಳೆದೂ ಸುರಿದೂ ಒಂದು ಸಣ್ಣ ಹೊಸ ಕಾರನ್ನು ಗೊತ್ತು ಮಾಡಿಕೊಂಡಿದ್ದಳು. ಮೂರು ವರ್ಷದ ವಾರಂಟಿ ಇತ್ತು. ಬೆಳಿಗ್ಗೆ ಅದನ್ನು ಹೇಳಿದ್ದೇ ತಪ್ಪಾಯಿತು. ಅಪ್ಪ ಲೋಟವನ್ನು ಮೇಜಿಗೆ ಕುಕ್ಕಿದ.

“ನನ್ನ ಕಿವಿ ಇರೋವಾಗ ನಿಂಗೆ ವಾರಂಟಿ ಯಾಕೆ?”

ಆ ಕಿವಿಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ಟಿವಿಯ ಅಬ್ಬರಕ್ಕೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಕರೆಗಂಟೆ ಬಾರಿಸಿ ಬಾರಿಸಿ ಜನ ವಾಪಸು ಹೋಗುತ್ತಿದ್ದರು. ಡಾಕ್ಟರರ ಹತ್ತಿರ ಹೋಗೋಣ ಎಂದರೆ ಈಗಿನವರು ಮಾತನ್ನೆಲ್ಲ ನುಂಗಿಕೊಂಡು ಆಡುತ್ತಾರೆ, ತೋರಿಸಬೇಕಾದ್ದು ನಿಮ್ಮ ಬಾಯಿಗಳನ್ನು ಎಂದು ರೇಗುತ್ತಿದ್ದ. ಹಾಗೆ ರೇಗಿಯೇ ಅವನು ಇವತ್ತು ಮಗಳನ್ನು ಇಲ್ಲಿಗೆ ಹೊರಡಿಸಿಕೊಂಡು ಬಂದದ್ದು. ದಾರಿಯುದ್ದಕ್ಕೂ ಅವಳು ಗೊಣಗುತ್ತಲೇ ಬಂದಳು. ಅದೂ ಅವನ ಗಮನಕ್ಕೆ ಬರಲಿಲ್ಲ.

ಗೇಟಿನ ಬಳಿ ಹಿಂದಕ್ಕೆ ಬರುತ್ತಿದ್ದ ಒಂದು ವ್ಯಾನು ಅವನ ಬೆನ್ನಿಗೇ ಹಾರ್ನ್ ಬಡಿದಿತ್ತು. ಅವನು ಕದಲಿರಲಿಲ್ಲ. ಅವಳು ತೋಳು ಹಿಡಿದು ಪಕ್ಕಕ್ಕೆ ಎಳೆದಿದ್ದಳು. ಮಾಲೀಕ ಅದನ್ನು ನೋಡಿದ್ದ.

ಈಗ ಮಾಲೀಕ ಮೆಲ್ಲಗೆ ಬಂದು ಅವಳ ಕಿಟಕಿಯ ಬಳಿ ನಿಂತ. ಹೆಬ್ಬೆರಳು ತೋರುಬೆರಳನ್ನು ಜೋಡಿಸಿ ಗಾಳಿಯಲ್ಲಿ ಕೀಲಿಯನ್ನು ಹಿಂದಕ್ಕೆ ತಿರುಗಿಸುವ ಹಾಗೆ ತಿರುಗಿಸಿ ತೋರಿಸಿದ. ಅವನ ಕಣ್ಣುಗಳಲ್ಲಿ ನಗು ತುಂಬಿತ್ತು. ಅವಳು ಅಪ್ಪನ ಕಡೆ ನೋಡಿದಳು. ಬೆಳಗಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ ಆ ಕಿವಿಗೆ ಕೇಳಿಸುತ್ತದೋ ಇಲ್ಲವೋ ಖಚಿತವಾಗಲಿ ಎನಿಸಿತು. ಕೀಲಿಯನ್ನು ಹಿಂದಕ್ಕೆ ತಿರುಗಿಸಿದಳು.

ಎಂಜಿನ್ ನಿಂತಿತು. ಪೈಪಿನ ಬಾಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಮೇಸ್ತ್ರಿ ಆಲಿಸುತ್ತಲೇ ಇದ್ದ. ವರ್ಷದಿಂದ ಅವನ ಕಿವಿಯೊಳಗೆ ಒಂದು ಗುಂಯ್ ಎನ್ನುವ ಸದ್ದು ಬಿಡದೆ ನಡೆದಿತ್ತು. ಪಾಪ, ಯಾವ ಗಾಡಿಯ ಮುಂದೆ ನಿಂತರೂ ಅದನ್ನೇ ಎಂಜಿನ್ ಎಂದುಕೊಳ್ಳುತ್ತಿದ್ದ. ಸುಳ್ಳು ಹೇಳುವವನಲ್ಲ ಅವನು. ಹುಬ್ಬು ಗಂಟಿಕ್ಕಿದ, ತಲೆ ಇನ್ನಷ್ಟು ವಾಲಿಸಿದ, ಏನನ್ನೋ ಹಿಡಿದವನಂತೆ ಒಮ್ಮೆ ತಲೆದೂಗಿದ. ಈಗಿನ ಎಂಜಿನ್ನುಗಳ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ ಇರುತ್ತದೆ, ಒಳಗೆ ತಿರುಗುವುದು ಕಾಣುವುದಿಲ್ಲ. ಕಣ್ಣು ಬಿಟ್ಟಮೇಲೂ ಅವನಿಗೆ ಏನೂ ತಿಳಿಯಲಿಲ್ಲ.

“ಮೂರನೇ ಸಿಲಿಂಡರು ಸ್ವಲ್ಪ ಕುಂಟ್ತಾ ಇದೆ,” ಎಂದ. “ಬೇಡ.”

ತೊಳೆಯುವವನು ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕಾರಿನ ಹಿಂದೆ ಕುಕ್ಕರಿಸಿದ. ಮಾಲೀಕ ಮೇಸ್ತ್ರಿಯ ಮುಖದೆದುರು ನಿಂತು, ತುಟಿಗಳನ್ನು ಅಗಲವಾಗಿ ಆಡಿಸುತ್ತ, ನಿಮ್ಮ ಕಿವಿಗೆ ಮೋಸ ಮಾಡೋಕೆ ಆಗುತ್ತಾ ಎಂದು ಕೈಮುಗಿದ. ನೆರಳಿನಲ್ಲಿ ಇನ್ನೂ ಎರಡು ಆಟೋಮ್ಯಾಟಿಕ್ ಇವೆ, ದಯವಿಟ್ಟು ಅವನ್ನೂ ಕೇಳಬೇಕು ಎಂದ. ಮೇಸ್ತ್ರಿಗೆ ಖುಷಿಯಾಯಿತು. ಅಂಗಡಿ ಮುಚ್ಚಿದಮೇಲೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಮೊದಲನೆಯದಕ್ಕೆ ಅವಳ ಹತ್ತಿರ ಒಂದು ಕಾರಣವಿತ್ತು. ಎರಡನೆಯದಕ್ಕೆ ಇರಲಿಲ್ಲ. ಆದರೂ ಇಳಿದು ಕಪ್ಪು ಕಾರಿಗೆ ಹೋಗಿ ಕೂತಳು. ಅಪ್ಪ ಬೆರಳು ಎತ್ತಿದ, ಅವಳು ಚಾಲೂ ಮಾಡಿದಳು, ಅವನು ಕಣ್ಣು ಮುಚ್ಚಿದೊಡನೆ ಆರಿಸಿದಳು. ಈ ಸಲ ಮಾಲೀಕ ಸನ್ನೆ ಮಾಡುವುದೇ ಬೇಕಾಗಲಿಲ್ಲ. ಆಯಿಲ್ ಬದಲಾಯಿಸದೆ ಓಡಿಸಿದ್ದಾರೆ, ಗಂಟಲು ಒಣಗಿದೆ ಎಂದು ಅಪ್ಪ ತೀರ್ಪು ಕೊಟ್ಟ. ಪಕ್ಕದ ಟೈರಿನಂಗಡಿಯ ಇಬ್ಬರು ಬಂದು ಬೇಲಿಗೆ ಒರಗಿ ನಿಂತಿದ್ದರು. ಮಗಳಿಗೂ ನಗು ಬಂತು. ಬಂದದ್ದು ಬಂತು, ಅದನ್ನು ತಡೆಯಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

ಮೂರನೆಯದು ಕೆಂಪು ಕಾರು. ವಾರದಿಂದ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ. ಅವಳೂ ಮಾಡಲಿಲ್ಲ. ಕೀಲಿಯನ್ನು ದೀಪಗಳು ಹತ್ತುವಷ್ಟು ಮಾತ್ರ ತಿರುಗಿಸಿ ಕೈಬಿಟ್ಟಳು. ಅಪ್ಪ ತುಂಬ ಹೊತ್ತು ಆಲಿಸಿದ. ಅವನ ಮುಖ ಸಡಿಲವಾಯಿತು. ಅವಳು ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಳು. ಒಳ್ಳೆಯ ಎಂಜಿನ್ ಸಿಕ್ಕಾಗ ಮಾತ್ರ ಆ ಮುಖ ಕಾಣುತ್ತಿತ್ತು. ಅವಳ ನಗು ಅಲ್ಲಿಗೇ ನಿಂತಿತು.

“ಇದು ತಗೋ,” ಎಂದ. “ನಿನ್ನ ಕಾಲಿಗೆ ಇದೇ ಸರಿ. ಒಂಚೂರೂ ತಕರಾರಿಲ್ಲ.”

ಬಾನೆಟ್ ಇಳಿಸಿ, ಅಂಗೈ ಎತ್ತಿ, ಅದರ ಮೇಲೆ ಒಮ್ಮೆ ತಟ್ಟಿದ.

ಎರಡನೆಯ ಸಲ ತಟ್ಟಲಿಲ್ಲ. ಕೈ ಅಲ್ಲೇ ಉಳಿಯಿತು. ನೆರಳಿನಲ್ಲಿ ವಾರವೆಲ್ಲ ನಿಂತ ತಗಡು ತಣ್ಣಗೆ ಕೊರೆಯುತ್ತಿತ್ತು, ಎಂಜಿನ್ನಿನ ನಡುಕ ಒಂಚೂರೂ ಇರಲಿಲ್ಲ. ಅವನು ಅಂಗೈಯನ್ನು ಒಂದು ಗೇಣು ಆಚೆಗೆ ಸರಿಸಿ ನೋಡಿದ, ಮತ್ತೆ ಈಚೆಗೆ ಸರಿಸಿ ನೋಡಿದ. ಬೇಲಿಯ ಬಳಿ ಇದ್ದವರನ್ನು ನೋಡಿದ. ಒದ್ದೆ ಬಟ್ಟೆ ಕಚ್ಚಿಕೊಂಡವನನ್ನು ನೋಡಿದ. ಕೊನೆಗೆ ಗಾಜಿನೊಳಗೆ ಕೂತಿದ್ದ ಮಗಳನ್ನು, ಅವಳ ಕೈ ಇದ್ದ ಜಾಗವನ್ನು ನೋಡಿದ. ಕಿಟಕಿಯ ಹತ್ತಿರ ಬಂದ.

“ಎಷ್ಟನೇ ಗಾಡಿಯಿಂದ?” ಎಂದು ಕೇಳಿದ.

ಅವಳು ತಲೆ ತಗ್ಗಿಸಿ ಹೇಳಿದಳು. ಅವನು ಬಗ್ಗಿದ. ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಆ ಮಾತು ಬಂತು.

“ನಂಗೆ ಕೇಳಿಸ್ಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಮ್ಮ.”

“ಮೊದಲನೇದ್ರಿಂದ,” ಎಂದಳು. ಅವನು ಕಿವಿಯ ಹಿಂದೆ ಅಂಗೈ ಒಡ್ಡಿಕೊಂಡು ಕಾದೇ ಇದ್ದ. ಅವಳು ಇನ್ನೊಮ್ಮೆ, ಕೂಗಿ ಹೇಳಬೇಕಾಯಿತು. ಬೇಲಿಯ ಬಳಿ ಇದ್ದವರಿಗೂ ಅದು ಸ್ಪಷ್ಟವಾಗಿ ಕೇಳಿತು. ಯಾರೂ ನಗಲಿಲ್ಲ, ಮಾಲೀಕನೊಬ್ಬನ ಹೊರತು.

ಮನೆಗೆ ಬಂದಮೇಲೆ ಅವನು ಟಿವಿಯ ಮುಂದೆ ಕೂತ, ಸದ್ದನ್ನು ಪೂರ್ತಿ ನಿಲ್ಲಿಸಿಬಿಟ್ಟು. ಯಾರ ಮೇಲೂ ರೇಗಲಿಲ್ಲ. ಅವಳು ಎದುರಿಗೆ ಕೂತು ಹೇಳಬೇಕಾದ್ದನ್ನೆಲ್ಲ ಹೇಳಿದಳು, ಅತ್ತಳು. ಅವನು ಪರದೆಯ ಮೇಲೆ ಬಾಯಿ ಆಡಿಸುತ್ತಿದ್ದವರನ್ನೇ ನೋಡುತ್ತಿದ್ದ.

ಮೂರು ವಾರದ ಮೇಲೆ ಮಗಳು ಹೊಸ ಕಾರನ್ನು ತಂದು ಮನೆಯ ಮುಂದೆ ನಿಲ್ಲಿಸಿದಳು. ಅವಳು ಮೊದಲೇ ಗೊತ್ತು ಮಾಡಿಕೊಂಡಿದ್ದ ಆ ಸಣ್ಣ ಕಾರೇ. ಅಪ್ಪ ಬಾಗಿಲಿಗೆ ಬಂದದ್ದು ಕಂಡಿತು. ಅವಳು ಇಳಿದು ಬಾನೆಟ್ ಎತ್ತಿ ನಿಲ್ಲಿಸಿ, ಮತ್ತೆ ಒಳಗೆ ಕೂತು ಎಂಜಿನ್ ಚಾಲೂ ಮಾಡಿ ಕಾದಳು. ಬೆರಳು ಎತ್ತಲಿ, ಏನಾದರೂ ಒಂದು ತಪ್ಪು ಕಂಡುಹಿಡಿಯಲಿ ಎಂದು ಆಸೆಪಟ್ಟಳು.

ಅವನು ಮೆಟ್ಟಿಲಿಳಿದು ಬಂದ. ಬಾನೆಟ್ಟಿನ ಕಡೆ ಹೋಗಲಿಲ್ಲ. ಅವಳ ಕಿಟಕಿಯ ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚದೆ, ಕೀಲಿಯ ಮೇಲಿದ್ದ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವನು ಆ ಕೈಯನ್ನೂ ನೋಡಿದ.