ಗೋಡೆಗೆ ಹಿಡಿದ ದೀಪ

ಹೊತ್ತು ಮುಳುಗುತ್ತಿದ್ದಂತೆ ಮೇಸ್ತ್ರಿ ಮೆಟ್ಟಿಲ ತಿರುವಿನಲ್ಲಿ ಕಟ್ಟಿದ್ದ ದೀಪವನ್ನು ಬಿಚ್ಚಿ, ವೈರು ಸಮೇತ ಮೂರನೇ ಮಹಡಿಯ ಕೋಣೆಗೆ ಎಳೆದುಕೊಂಡು ಹೋದ. ಗಾರೆ ಕೆಲಸಕ್ಕೆ ಓರೆ ಬೆಳಕು ಬೇಕು. ದೀಪವನ್ನು ಗೋಡೆಗೆ ಆನಿಸಿ ಹಿಡಿದರೆ ಉಬ್ಬುತಗ್ಗುಗಳೆಲ್ಲ ನೆರಳು ಬಿದ್ದು ಎದ್ದು ಕಾಣುತ್ತವೆ. ಎದುರಿಗೆ ಹಿಡಿದರೆ ಎಂಥ ಸೊಟ್ಟ ಗೋಡೆಯೂ ಕನ್ನಡಿಯಂತೆ ತೋರಿ ಮೋಸ ಮಾಡುತ್ತದೆ. ತನ್ನ ಗೋಡೆಗೆ ಯಾರೂ ಬೆರಳು ತೋರಿಸಬಾರದೆಂಬ ಹಟ ಅವನದು. ಹೊರಗೆ ಗೇಟಿನ ಬಳಿ, ಇನ್ನೂ ಮುಗಿಯದ ಕಟ್ಟಡದ ಬಣ್ಣದ ಚಿತ್ರವಿದ್ದ ಫಲಕಕ್ಕೆ ಸಾಲು ದೀಪ ಹಾಕಿದ್ದರು. ಕಟ್ಟುವವರಿಗೆ ಇದ್ದದ್ದು ಇದೊಂದೇ ದೀಪ.

ತೀರಿಕೊಂಡ ಅಣ್ಣನ ಹೆಂಡತಿ, ಅವನ ಅತ್ತಿಗೆ, ಅಲ್ಲೇ ಸಿಮೆಂಟು ಹೊರುತ್ತಿದ್ದಳು. ಬಾಂಡ್ಲಿ ಇಳಿಸಿ ಬೆವರು ಒರೆಸಿಕೊಂಡಳು.

“ಏನಪ್ಪಾ ಮೇಸ್ತ್ರಿ, ಮೆಟ್ಲಿಗೆಲ್ಲ ಕತ್ತಲೆ ಸುರಿದುಬಿಟ್ಟಿದ್ದೀಯಲ್ಲ. ಕಾಲಿಡೋದೆಲ್ಲಿ?”

“ಇಷ್ಟು ದಿನದಿಂದ ಹತ್ತಿ ಇಳೀತಿದ್ದೀರಿ ಅತ್ತಿಗೆ. ನಿಮ್ಮ ಪಾದಕ್ಕೇ ಕಣ್ಣು ಬಂದಿರಬೇಕು.”

“ಬಂದಿದೆ ಬಿಡು. ವಯಸ್ಸಾಯ್ತಲ್ಲ, ಅದಕ್ಕೂ ಈಗ ಚಾಳೀಸು ಬೇಕಂತೆ.”

ಜೊತೆಯ ಹೆಂಗಸರು ನಕ್ಕರು. ಮೇಸ್ತ್ರಿಗೆ ರೇಗಿತು. “ನಗೋದು ಆಮೇಲೆ. ಗೋಡೆ ಮೇಲಿನ ಗಾರೆ ಬಿಗಿದುಕೊಳ್ತಾ ಇದೆ, ಇನ್ನೊಂದು ಬಾಂಡ್ಲಿ ತನ್ನಿ.”

ಅವಳು ಖಾಲಿ ಬಾಂಡ್ಲಿ ಹಿಡಿದು ಇಳಿದಳು. ಪಕ್ಕಕ್ಕೆ ಕಂಬಿ ಇನ್ನೂ ಕೂರಿಸಿರದ ಮೆಟ್ಟಿಲು. ಮೊದಲು ಬಾಂಡ್ಲಿ ಉರುಳಿದ ಸದ್ದು ಕೇಳಿತು. ಅದು ಉರುಳಿ ನಿಂತ ಮೇಲೂ ಬೈಗುಳ ಕೇಳಲಿಲ್ಲ. ಬಾಂಡ್ಲಿ ಕೈಜಾರಿದರೆ ಅತ್ತಿಗೆ ಬೈಯದೆ ಬಿಡುವವಳಲ್ಲ. ಮೇಸ್ತ್ರಿ ಕರಣೆ ಎಸೆದು ಓಡಿದ.

ಓಡಿ ಬಂದ ಇಂಜಿನಿಯರ್ ಕೇಳಿದಾಗ ಮೇಸ್ತ್ರಿಯ ಬಾಯಿಂದ ಬಂದದ್ದು ಒಂದೇ ಮಾತು: “ನೋಡ್ಕೊಂಡು ಇಳೀಲಿಲ್ಲ ಸಾರ್.”

ಸೊಂಟದ ಮೂಳೆ ಮುರಿದಿದೆ ಎಂದರು ಆಸ್ಪತ್ರೆಯಲ್ಲಿ. ನಡೆದಾಳು, ಆದರೆ ಇನ್ನು ಭಾರ ಹೊರುವ ಹಾಗಿಲ್ಲ. ಹೊರುವುದು ಬಿಟ್ಟು ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಮಂಚದ ಪಕ್ಕ ನಿಂತ ಮೈದುನನನ್ನು ಅವಳೇ ಕೇಳಿದಳು.

“ಗೋಡೆ ನೆಟ್ಟಗೆ ಬಂತಾ?”

ಅವನು ತಲೆ ತಗ್ಗಿಸಿದ.

“ಕೇಳಿದ್ದಕ್ಕೆ ಹೇಳಪ್ಪಾ. ಅಷ್ಟು ಬೆಳಕು ಕೊಟ್ಟಿದ್ದೀಯ, ಬಂದಿರಬೇಕಲ್ಲ.”

“ಬಂತು ಅತ್ತಿಗೆ.”

“ಹಾಗಾದ್ರೆ ಸರಿ.” ಅವಳು ಮುಖವನ್ನು ಆ ಕಡೆ ತಿರುಗಿಸಿಕೊಂಡಳು.

ಅಂದು ಸಂಜೆಯೂ ಕೆಲಸ ನಡೆದಿತ್ತು, ದೀಪ ಗೋಡೆಯ ಬಳಿಯೇ ಇತ್ತು. ಇಂಜಿನಿಯರ್ ಮೊಬೈಲಿನ ಬೆಳಕನ್ನು ತನ್ನ ಕಾಲ ಬಳಿ ಬಿಟ್ಟುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಗೋಡೆ ಸವರಿ ತಲೆದೂಗಿದ. ಆಮೇಲೆ ಮೇಸ್ತ್ರಿಯನ್ನು ಮೆಟ್ಟಿಲಿಗೆ ಕರೆದು ದನಿ ತಗ್ಗಿಸಿದ.

“ವಿಚಾರಣೆಗೆ ಬರ್ತಾರೆ. ನಿನ್ನೆ ಹೇಳಿದ್ದನ್ನೇ ಹೇಳು. ಫೋನಲ್ಲಿ ಮಾತಾಡ್ತಿದ್ಲು ಅಂತ ಸೇರಿಸು.”

“ಅವರ ಹತ್ರ ಫೋನೇ ಇಲ್ಲ ಸಾರ್.”

“ತಲೆ ಸುತ್ತು ಬಂತು ಅನ್ನು. ನಾನೇನು ರಾಕ್ಷಸನಾ? ಮೇಲಿನೋರ ಹತ್ರ ಇನ್ನೊಂದು ದೀಪ ಕೇಳಿ ಕೇಳಿ ನನಗೂ ಸಾಕಾಗಿದೆ. ಕೆಲಸ ಮುಗಿಸು ಅಂತ ಅವರು ಕುತ್ತಿಗೆ ಮೇಲೆ ಕೂತಿದ್ದಾರೆ. ಅದೂ ಅಲ್ದೆ, ದೀಪ ಬಿಚ್ಚಿದ್ದು ನಿನ್ನ ಕೈ. ನೆನಪಿರ್ಲಿ.”

ಆ ಕೊನೆಯ ಮಾತು ಸುಳ್ಳಾಗಿರಲಿಲ್ಲ. ಮೇಸ್ತ್ರಿ ಕೈಚಾಚಿ ಮೊಬೈಲಿನ ಬೆಳಕನ್ನು ಅಂಗೈಯಿಂದ ಮುಚ್ಚಿದ.

“ಈಗ ಇಳೀರಿ ಸಾರ್.”

“ಏಯ್, ಏನಿದು?”

“ನೀವೂ ದಿನಾ ಹತ್ತಿ ಇಳಿಯೋರೇ ಅಲ್ವಾ. ಇಳೀರಿ.”

ಇಂಜಿನಿಯರ್ ಒಂದು ಕಾಲು ಚಾಚಿ, ಕತ್ತಲಲ್ಲಿ ತಡಕಿ, ಹಿಂದಕ್ಕೆ ಎಳೆದುಕೊಂಡ. ಬೆನ್ನನ್ನು ಗೋಡೆಗೆ ಒತ್ತಿ ನಿಂತ. ಅವನ ಉಸಿರು ಮೇಸ್ತ್ರಿಗೆ ಕೇಳುತ್ತಿತ್ತು.

“ಬಿಚ್ಚಿದ್ದು ನಾನು. ಹಾಗೇ ಹೇಳ್ತೀನಿ. ಇದ್ದಿದ್ದು ಒಂದೇ ದೀಪ ಅನ್ನೋದನ್ನೂ ಹೇಳ್ತೀನಿ.”

“ನಿನ್ನ ಮೇಸ್ತ್ರಿಗಿರಿ ಇವತ್ತಿಗೆ ಮುಗೀತು.”

“ಮುಗೀಲಿ.” ಅವನು ಅಂಗೈ ತೆಗೆದ.

ಇಂಜಿನಿಯರ್ ಗೋಡೆ ಹಿಡಿದುಕೊಂಡೇ ಇಳಿದು ಹೋದ. ಮೇಸ್ತ್ರಿ ಒಳಗೆ ಹೋಗಿ ಗೋಡೆಯ ದೀಪ ಎತ್ತಿಕೊಂಡ.

“ಮೇಸ್ತ್ರಿ, ಗೋಡೆ ಕಾಣ್ತಿಲ್ಲ,” ಎಂದರು ಗಾರೆಯವರು.

“ಬಿಡ್ರಯ್ಯಾ ಅದನ್ನ. ಎಲ್ಲ ಕೆಳಗಿಳೀರಿ.”

ತಿರುವಿನಲ್ಲಿ ದೀಪ ಎತ್ತಿ ಹಿಡಿದು ನಿಂತ. ಒಬ್ಬೊಬ್ಬರಾಗಿ ಅವನೆದುರು ಇಳಿದರು. ಅತ್ತಿಗೆ ಬಿದ್ದ ಜಾಗ ಬಂದಾಗ ಹೆಂಗಸರು ಒಂದು ಕ್ಷಣ ನಿಂತು, ಬಗ್ಗಿ ನೋಡಿ, ಗೋಡೆಯ ಕಡೆಗೆ ಸರಿದು ಕಾಲಿಟ್ಟರು. ಒಬ್ಬಳೂ ಅವನ ಮುಖ ನೋಡಲಿಲ್ಲ.