ಹೂತುಕೊಳ್ಳದ ಗಾಡಿ

ಕೊಳ್ಳಬೇಕೆಂದವನಿಗೆ ಒಂದು ಕಾರಣ ಸಾಕು. ಕೊಳ್ಳಬಾರದೆಂದು ಹಟ ಹಿಡಿದವನಿಗೆ ನೂರು ಸಿಕ್ಕರೂ ಸಾಲದು. ದಬ್ಬೇಘಟ್ಟದ ಹತ್ತಿರದ ತೆಂಗಿನ ಬೆಳೆಗಾರ ಏಕಾಂತಯ್ಯ ಮೂರು ತಿಂಗಳಿಂದ ಆ ನೂರನ್ನು ಕೂಡಿಸುವುದರಲ್ಲಿದ್ದ.

ಗಾಡಿ ನೋಡುವುದಕ್ಕೆ ಹಳೇ ಕಾಲದ ಜೀಪು. ಗುಂಡು ದೀಪ, ಚೌಕ ಮೂತಿ, ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ. ಒಳಗೆ ಮಾತ್ರ ಏಸಿ, ಮೆತ್ತನೆ ಸೀಟು, ನಾಲ್ಕೂ ಚಕ್ರಕ್ಕೆ ಬಲ ಕೊಡಲು ದೊಡ್ಡ ಗೇರಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಗೇರು. ಅದನ್ನು ಆರಿಸಿದವಳು ಅರಸೀಕೆರೆಯಲ್ಲಿ ಟೀಚರಾಗಿರುವ ಮಗಳು ಜೀವಿತಾ. ಅಮ್ಮ ದ್ರಾಕ್ಷಾಯಣಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಎರಡು ವರ್ಷವಾಗಿತ್ತು. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದಳೇ ಹೊರತು ಅಂದಿನಿಂದ ತೋಟ ನೋಡಿರಲಿಲ್ಲ. ತೋಟ ಹಳ್ಳದಾಚೆ. ನಾಲೆ ನೀರು ಬಂದಮೇಲೆ ಹಳ್ಳದಲ್ಲಿ ಕೆಸರು ಆರಿದ್ದೇ ಇಲ್ಲ. ಮನೆಯ ಸಣ್ಣ ಕಾರು ಈಚೆ ದಡದಲ್ಲೇ ನಿಲ್ಲುತ್ತಿತ್ತು, ಟ್ರ್ಯಾಕ್ಟರ್ ಹತ್ತಕೂಡದೆಂದು ಡಾಕ್ಟರು ಹೇಳಿದ್ದರು. ಮೆತ್ತನೆ ಸೀಟಿನ ಗಾಡಿಯಾದರೆ ಅಡ್ಡಿಯಿಲ್ಲ ಎಂದು ಅದೇ ಡಾಕ್ಟರು ಮೂರು ತಿಂಗಳ ಹಿಂದೆ ಬಾಯಿಬಿಟ್ಟ ಮೇಲೆ ಜೀವಿತಾ ಅಪ್ಪನನ್ನು ಕೂರಲು ಬಿಟ್ಟಿರಲಿಲ್ಲ.

ಏಕಾಂತಯ್ಯ ತಪ್ಪು ಹುಡುಕಿದ. ಎರಡೇ ಬಾಗಿಲು. ಹಿಂದೆ ಕೂರುವವರು ಮುಂದಿನ ಸೀಟು ಮಡಚಿ ನುಸುಳಬೇಕು. ನಾಲ್ಕು ಜನ ಕೂತರೆ ಒಂದು ಚೀಲ ಕೊಬ್ಬರಿಗೂ ಜಾಗವಿಲ್ಲ. ಎತ್ತರ ಬೇರೆ, ಸೊಂಟ ಮುರಿದವಳು ಹತ್ತುವುದು ಹೇಗೆ? ಈ ಕೊನೆಯದು ಅವನಿಗೆ ಬಹಳ ಇಷ್ಟವಾದ ತಪ್ಪು.

"ದಿನಾ ಒಂದೊಂದು ಕೊಂಕು ತೆಗೀತೀಯ. ಆಮೇಲೆ ನೋಡಿದ್ರೆ ಫೋನಲ್ಲಿ ಅದ್ರ ಫೋಟೋನೇ ಉಜ್ಜುತಾ ಕೂತಿರ್ತೀಯ," ಎಂದ ಪಕ್ಕದ ತೋಟದ ಗಂಗಣ್ಣ, ಟೀ ಅಂಗಡಿಯ ಬೆಂಚಿನ ಮೇಲೆ.

"ನೋಡಾಕೇನು, ಚೆನ್ನಾಗದೆ ಬುಡು."

"ಚೆನ್ನಾಗದೆ ಅಂತ್ಲೇ ನಿಂಗೆ ಹೆದ್ರಿಕೆ. ಹಳ್ಳ ದಾಟ್ಬುಡ್ತದೆ ಅಂತ. ಎಷ್ಟು ದಿನ ಅಂತ ಮುಚ್ಚಿಡ್ತೀಯ ಏಕಾಂತಣ್ಣ? ಹೇಳ್ಬುಡು ಅತ್ತಿಗೆಗೆ."

ಏಕಾಂತಯ್ಯ ಟೀ ಬಿಸಿಯಾಗಿದೆ ಎಂಬಂತೆ ಲೋಟ ಊದತೊಡಗಿದ. ಲೋಟದಲ್ಲಿ ಟೀ ಇರಲಿಲ್ಲ.

ಮುಚ್ಚಿಟ್ಟಿದ್ದು ಇಷ್ಟೇ: ತೋಟದಲ್ಲಿ ತವರು ಸಾಲು ಇರಲಿಲ್ಲ. ನಲವತ್ತೊಂದು ವರ್ಷದ ಹಿಂದೆ ದ್ರಾಕ್ಷಾಯಣಮ್ಮ ಮದುವೆಯಾಗಿ ಬಂದಾಗ, ಅವಳಪ್ಪ ಕೆಂಕೆರೆಯಿಂದ ಎರಡು ದಿನ ಎತ್ತಿನ ಗಾಡಿ ಹೊಡೆದು ಹನ್ನೊಂದು ತೆಂಗಿನ ಸಸಿ ತಂದು, ತಾನೇ ಗುಂಡಿ ತೋಡಿ ನೆಟ್ಟು ಹೋಗಿದ್ದ. ಆ ಸಾಲಿನ ಕಾಯಿ ಅಟ್ಟದಲ್ಲಿ ಬೇರೆ ಮೂಲೆಗೆ. ವರ್ಷ ತುಂಬಿ ಒಣಗಿ ಕೊಬ್ಬರಿಯಾದ ಮೇಲೆ ಅದು ಅವಳದು, ಯಾರೂ ಕೇಳುವ ಹಾಗಿಲ್ಲ. ಕೆಂಕೆರೆಯಲ್ಲಿ ಈಗ ಅವಳವರು ಅಂತ ಒಬ್ಬರೂ ಉಳಿದಿಲ್ಲ. ಇದ್ದೊಬ್ಬ ಅಣ್ಣ ತೀರಿಕೊಂಡ, ಮನೆ ಕೈಬಿಟ್ಟು ಹೋಯಿತು. ಅವಳ ಪಾಲಿಗೆ ತವರೆಂದರೆ ಆ ಹನ್ನೊಂದು ಮರ.

ಅವಳು ಆಸ್ಪತ್ರೆಯಲ್ಲಿದ್ದಾಗಲೇ ಆ ಮರಗಳ ಬುಡದಲ್ಲಿ ಕೆಂಪು ರಸ ಸೋರತೊಡಗಿತ್ತು. ಏಕಾಂತಯ್ಯ ಸೋರಿದ ಕಡೆ ಕೆತ್ತಿ ಟಾರು ಬಳಿದ, ಬೇರಿಗೆ ಔಷಧಿ ಕಟ್ಟಿದ, ಕಂಡವರನ್ನೆಲ್ಲ ಕೇಳಿದ. ಒಂದಾದ ಮೇಲೊಂದು ಗರಿ ಜೋತುಬಿದ್ದು ಸುಳಿ ಕಳಚಿತು. ಮಿಕ್ಕ ತೋಟಕ್ಕೆ ಹಬ್ಬೀತೆಂದು ಹನ್ನೊಂದನ್ನೂ ಕಡಿಸಬೇಕಾಯಿತು. ಆಗ ಹೇಳಲಿಲ್ಲ, ಅವಳು ನೋವಿನಲ್ಲಿದ್ದಳು. ಎದ್ದು ಕೂತಾಗ ಹೇಳಲಿಲ್ಲ, ಈಗ ತಾನೆ ನಗುವುದಕ್ಕೆ ಶುರುಮಾಡಿದ್ದಳು. ಆಮೇಲಾಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದೇ ಹೇಳಬೇಕಾದ ಸುದ್ದಿಗಿಂತ ದೊಡ್ಡದಾಗಿ ಕೂತಿತು. ಕಡಿದವರಿಂದಲೂ ಗಂಗಣ್ಣನಿಂದಲೂ ಭಾಷೆ ತೆಗೆದುಕೊಂಡ. ಮಗಳಿಗೂ ಹೇಳಲಿಲ್ಲ. ಅಟ್ಟದ ಮೂಲೆ ಬರಿದಾಗಬಾರದೆಂದು ಬೇರೆ ಮರದ ಕಾಯಿ ತಂದು ಸುರಿದ. ಸುಳ್ಳು ಹೇಳುವುದರಲ್ಲಿ ಪಳಗದವನು ಸುಳ್ಳನ್ನು ಅಟ್ಟಕ್ಕೇರಿಸಿದರೆ ಅಟ್ಟಕ್ಕೇ ಭಾರ. ಪಾಪ, ಅವನಿಗೂ ನಿದ್ದೆಯಿರಲಿಲ್ಲ.

ಜೀವಿತಾ ಅಪ್ಪನನ್ನು ನಂಬಿ ಕೂರುವವಳಲ್ಲ. ಒಂದು ಭಾನುವಾರ ಬೆಳಿಗ್ಗೆ ತಿಪಟೂರಿನ ಶೋರೂಮಿನಿಂದ ತನುಶ್ರೀ ಎಂಬಾಕೆ ಆ ಗಾಡಿಯನ್ನು ತಾನೇ ಓಡಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದಳು. ಮೂವತ್ತರ ಆಸುಪಾಸಿನ ಹೆಂಗಸು, ಮಾತು ಚುರುಕು.

"ನಿಮ್ಮ ಮಗಳು ಫೋನ್ ಮಾಡಿದ್ರು ಸಾರ್. ಓಡ್ಸಿ ನೋಡಿ, ಆಮೇಲೆ ಹೇಳಿ."

ಏಕಾಂತಯ್ಯನ ಕಣ್ಣು ಗಾಡಿಯ ಮೇಲೆ, ಜೀವ ಬಾಯಿಗೆ. "ಹತ್ತಕ್ಕಾಗಲ್ಲ ಕಣಮ್ಮ ಇವಳಿಗೆ. ಎತ್ತರ ನೋಡು ಎಷ್ಟದೆ."

ತನುಶ್ರೀ ಹಿಂದಿನಿಂದ ಒಂದು ಗಟ್ಟಿ ಮಣೆ ತೆಗೆದು ಬಾಗಿಲ ಬುಡಕ್ಕಿಟ್ಟಳು. ದ್ರಾಕ್ಷಾಯಣಮ್ಮ ವಾಕರ್ ಬಿಟ್ಟಳು, ಮಣೆ ಮೇಲೆ ಒಂದು ಕಾಲು, ಮೆಟ್ಟಿಲ ಮೇಲೆ ಒಂದು ಕಾಲು, ಮುಂದಿನ ಹಿಡಿಕೆಗೆ ಕೈ. ತುಟಿ ಕಚ್ಚಿಕೊಂಡು ಒಮ್ಮೆ ಮೈಯೆತ್ತಿದಳು, ಕೂತಳು.

"ನಲ್ವತ್ತು ವರ್ಷ ಅಟ್ಟ ಹತ್ತಿದೋಳಿಗೆ ಇದೆಷ್ಟರದು," ಎಂದು ಸೆರಗು ಸರಿಮಾಡಿಕೊಂಡಳು. "ತೋಟಕ್ಕೆ ನಡೀರಿ."

"ಇವತ್ತು ಬ್ಯಾಡ ಕಣೇ, ಟಾರ್ ರೋಡಲ್ಲಿ ಒಂದು ಸುತ್ತು..."

"ಟಾರ್ ರೋಡಿಗೆ ಈ ಗಾಡಿ ಯಾಕ್ರೀ? ತೋಟಕ್ಕೆ."

ತನುಶ್ರೀ ಮಣೆ ಎತ್ತಿಕೊಂಡು ಹಿಂದಕ್ಕೆ ನುಸುಳಿ ಕೂತಳು. ಏಕಾಂತಯ್ಯ ಸ್ಟೇರಿಂಗ್ ಹಿಡಿದ. ಹಿಡಿದ ಕೈಗೆ ಆ ಗಾಡಿ ಎಷ್ಟು ಒಪ್ಪಿತೆಂದರೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಕುಲುಕಾಟವಿತ್ತು, ಇಲ್ಲವೆನ್ನಲಾಗದು. "ನೋಡು, ಕುಲುಕ್ತದೆ," ಎಂದ ಆಸೆಯಿಂದ. "ತೊಟ್ಟಿಲೂ ಕುಲುಕ್ತದೆ," ಎಂದಳು ದ್ರಾಕ್ಷಾಯಣಮ್ಮ.

ಹಳ್ಳ ಬಂತು. ತನುಶ್ರೀ ಹೇಳಿಕೊಟ್ಟಂತೆ ಚಿಕ್ಕ ಗೇರನ್ನು ಹಿಂದಕ್ಕೆಳೆದ. ಟ್ರ್ಯಾಕ್ಟರ್ ಜಾಡು ಎಡಕ್ಕಿತ್ತು, ಗಟ್ಟಿ ನೆಲ. ಏಕಾಂತಯ್ಯ ಬೇಕೆಂದೇ ಬಲಕ್ಕೆ, ಎಮ್ಮೆಗಳು ಬಿದ್ದು ಹೊರಳುವ ಕೆಸರಿಗೆ ತಿರುಗಿಸಿದ. ಜಗತ್ತಿನಲ್ಲಿ ಗಾಡಿ ದಾಟಲಪ್ಪಾ ಎಂದು ಶಿವನಿಗೆ ಹರಕೆ ಹೊತ್ತವರು ಕೋಟಿ ಇದ್ದಾರು, ಹೂತುಕೊಳ್ಳಲಪ್ಪಾ ಎಂದು ಹೊತ್ತವನು ಇವನೊಬ್ಬನೇ ಇರಬೇಕು. ಮುಂದಿನ ಚಕ್ರ ಇಳಿಯಿತು. ಕೆಸರು ಬಾಗಿಲಿನವರೆಗೆ ಎದ್ದು ಗಾಜಿಗೆ ಸಿಡಿಯಿತು. ಗಾಡಿ ಒಮ್ಮೆ ಗುರ್ರೆಂದು ನಿಂತಂತೆ ಮಾಡಿತು. ಅವನೆದೆ ಹಗುರಾಯಿತು.

"ಎಕ್ಸಿಲೇಟ್ರು ಬಿಡಬ್ಯಾಡಿ ಸಾರ್, ಹಂಗೇ ಕೊಡಿ!" ಎಂದು ತನುಶ್ರೀ ಹಿಂದಿನಿಂದ ಕೂಗಿದಳು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕಾಲು ತಾನಾಗಿ ಒತ್ತಿತು. ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿಕೊಂಡು, ಗಾಡಿ ಏನೂ ಆಗದ ಹಾಗೆ ಆಚೆ ದಡಕ್ಕೇರಿತು.

ಇನ್ನು ಉಳಿದಿದ್ದು ಇನ್ನೂರು ಮಾರು ದಾರಿ. ಆ ಇನ್ನೂರು ಮಾರಿನಲ್ಲಿ ಹೇಳಿಬಿಡಬಹುದಿತ್ತು. ಬಾಯಿ ತೆರೆದ, ಮುಚ್ಚಿದ. ಅಷ್ಟರಲ್ಲಿ ತೋಟ ಎದುರಿಗೇ ಬಂತು.

ಬದುವಿನುದ್ದಕ್ಕೂ ಹನ್ನೊಂದು ಬೊಡ್ಡೆ. ಮಳೆಗೆ ಕಪ್ಪಾಗಿ, ನಡುವೆ ಹುಲ್ಲು ಹಬ್ಬಿ, ಮೇಲೆ ಬರೀ ಆಕಾಶ. ಏಕಾಂತಯ್ಯ ಗಾಡಿ ಆರಿಸಿದ. ತಲೆ ಎತ್ತಲಿಲ್ಲ.

ದ್ರಾಕ್ಷಾಯಣಮ್ಮ ಒಂದೊಂದನ್ನೂ ನೋಡಿದಳು. ಬೆರಳಲ್ಲಿ ಎಣಿಸಿದಳು. ಆಮೇಲೆ ಕೇಳಿದಳು, "ರೋಗ ಬಂತಾ?"

"ಹೂಂ. ನೀನು ಆಸ್ಪತ್ರೇಲಿದ್ದಾಗ. ಏನ್ ಮಾಡಿದ್ರೂ ನಿಲ್ಲಲಿಲ್ಲ ಕಣೇ."

ಅವಳು ಉಸಿರು ಬಿಟ್ಟಳು. ಆ ಉಸಿರಿನಲ್ಲಿ ದುಃಖದ ಜೊತೆ ಇನ್ನೊಂದೇನೋ ಇತ್ತು, ಏಕಾಂತಯ್ಯನಿಗೆ ಅರ್ಥವಾಗಲಿಲ್ಲ.

"ಈ ಸಾಲನ್ನ ಮಲ್ಲೇಶಂಗೆ ಕೊಟ್ಬುಟ್ಟಿದೀರ ಅನ್ಕಂಡಿದ್ದೆ," ಎಂದಳು.

ಮಲ್ಲೇಶ ಏಕಾಂತಯ್ಯನ ತಮ್ಮನ ಮಗ. ಬದುವಿನಾಚೆ ಅವನ ಜಮೀನು. ದಾರಿಗೆ ಬೇಕೆಂದು ಆ ಸಾಲಿನ ಜಾಗವನ್ನು ಹಿಂದೊಮ್ಮೆ ಕೇಳಿದ್ದೂ ಉಂಟು.

"ನಾನು? ನಿನ್ನ ಸಾಲನ್ನ? ಯಾರ್ ಹೇಳಿದ್ರೇ ಹಂಗಂತ?"

"ಕಾಯಿ ಹೇಳ್ತು. ಗೌರಿ ಹಬ್ಬಕ್ಕೆ ಜೀವಿತಾಗೆ ಮಡಿಲು ತುಂಬೋಕೆ ಅಂತ ನನ್ನ ಮೂಲೆಯಿಂದ ಇಳಿಸಿಕೊಟ್ರಲ್ಲ, ಒಂದೊಂದೂ ಗುಂಡಗೆ. ಕೆಂಕೆರೆ ಕಾಯಿ ಉದ್ದ ಕಣ್ರೀ, ತುದಿ ಚೂಪು. ಹುಟ್ಟಿದಾಗಿಂದ ಕಾಯಿ ಮಧ್ಯೆ ಬೆಳೆದೋರು, ಮುಚ್ಚಿಡೋಕಾದ್ರೂ ಹೋಲೋ ಕಾಯಿ ಹುಡುಕಬಾರ್ದಿತ್ತಾ?"

"ಅವತ್ತಿಂದ ಗೊತ್ತಾ? ಕೇಳೋದಲ್ವೇನೇ ನನ್ನ!"

"ಏನಂತ ಕೇಳ್ಲಿ? ನನ್ನ ತವರು ಬೇರೆಯೋರಿಗೆ ಕೊಟ್ಬುಟ್ರಾ ಅಂತ ಕೇಳ್ಲಾ? ನೀವು ಹೂಂ ಅಂದಿದ್ರೆ?" ಅವಳು ಅವನ ಕಡೆ ತಿರುಗಿದಳು. "ಒಂದು ವರ್ಷದಿಂದ ನಿಮಗೆ ಅನ್ನ ಬಡಿಸ್ತಾ, ಇವರು ಹಂಗೆ ಮಾಡೋರಾ ಅಂತ ಮುಖ ನೋಡೀನಿ. ನಿಮ್ಮ ಕರುಣೆಗಿಷ್ಟು ಬೆಂಕಿ ಹಾಕ."

ಏಕಾಂತಯ್ಯ ಸ್ಟೇರಿಂಗಿನಿಂದ ಕೈ ತೆಗೆದ. ಅವಳನ್ನು ಒಂದು ನೋವಿನಿಂದ ಕಾಯುತ್ತೇನೆಂದು ಅದಕ್ಕಿಂತ ಕೆಟ್ಟದ್ದನ್ನು ತಾನೇ ತಟ್ಟೆಗೆ ಹಾಕಿಕೊಟ್ಟಿದ್ದ. ಹಿಂದೆ ಕೂತಿದ್ದ ತನುಶ್ರೀ ಇಳಿಯುವುದಕ್ಕೆ ದಾರಿಯಿಲ್ಲದೆ ಕೆಮ್ಮಿದಳು. ಏಕಾಂತಯ್ಯ ಇಳಿದು, ಸೀಟು ಮಡಚಿ ಅವಳಿಗೆ ದಾರಿ ಬಿಟ್ಟ. ಆಮೇಲೆ ಸುತ್ತಿ ಬಂದು ಹೆಂಡತಿಯ ಬಾಗಿಲು ತೆಗೆದು, ಮಣೆಯಿಟ್ಟು ತೋಳು ಕೊಟ್ಟ. ಇಬ್ಬರೂ ನಿಧಾನ ನಡೆದು ಮೊದಲ ಬೊಡ್ಡೆಯ ಮೇಲೆ ಕೂತರು. ಅವಳು ಅದರ ಅಂಚನ್ನು ಅಂಗೈಯಲ್ಲಿ ಸವರಿದಳು.

"ಕಡಿಸೋ ದಿನ ಜೊತೆಗ್ಯಾರಿದ್ರು?"

"ಯಾರೂ ಇಲ್ಲ. ಕಡಿಯೋರು ಬಿಟ್ರೆ ನಾನೊಬ್ನೇ."

"ಅತ್ರಾ?"

ಏಕಾಂತಯ್ಯ ಹಳ್ಳದ ಕಡೆ ನೋಡಿದ. "ಅತ್ಬುಟ್ಟೆ ಕಣೇ. ಅಲ್ಲೇ ಕೂತ್ಕಂಡು. ಆಮೇಲೆ ಮುಖ ತೊಳ್ಕಂಡು ನಿನ್ನ ಹತ್ರ ಬಂದೆ."

ದ್ರಾಕ್ಷಾಯಣಮ್ಮ ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಒಬ್ರೇ ಅತ್ಬುಟ್ರಲ್ರೀ. ಅದ್ರಲ್ಲಿ ನನಗೂ ಪಾಲಿತ್ತು."

ಎಂದವಳು ಅವನ ಹೆಗಲಿಗೆ ಹಣೆಯಿಟ್ಟು ದನಿ ತೆಗೆದು ಅತ್ತಳು. ಅರವತ್ತಾರರ ಏಕಾಂತಯ್ಯನೂ ನಾಚಿಕೆ ಬಿಟ್ಟು ಅತ್ತ. ಗಾಡಿಯ ಆಚೆ ಬದಿಯಲ್ಲಿ ತನುಶ್ರೀಗೆ ಶೋರೂಮಿನಿಂದ ಫೋನು ಬಂತು, ಪಾರ್ಟಿ ಏನಂತಾರೆ ಎಂದು. ಅವಳು ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು, "ಲೇಟಾಗ್ತದೆ ಸಾರ್. ಇನ್ನೂ ನೋಡ್ತಾವ್ರೆ."