ಒತ್ತಿದ ಕೈ ಎತ್ತಬೇಡಿ

ಗಾಜಿನಂಗಡಿಯಲ್ಲಿ ಕೈ ಕುಯ್ದುಕೊಳ್ಳುವುದು ಹೊಸದೇನಲ್ಲ. ಗಾಜುಗಳ ನಡುವೆ ಇಡುವ ಹಳೆ ಪೇಪರನ್ನು ಒಂದು ಚೂರು ಹರಿದು ಗಾಯಕ್ಕೆ ಅಂಟಿಸಿದರೆ ಅಂಗಡಿಯವನ ಮಟ್ಟಿಗೆ ಚಿಕಿತ್ಸೆ ಮುಗಿಯಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವನ ತಂಗಿ ಎರಡು ಪೊಟ್ಟಣ ತಂದು ಮೇಜಿನ ಮೇಲಿಟ್ಟಾಗ, ಅವನು ಕನ್ನಡಕ ಏರಿಸಿಕೊಂಡು ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ತಕ್ಕಡಿಯನ್ನೂ ತೂಗಿ ನೋಡುವ ಆಸಾಮಿ ಅವನು.

“ಏನಮ್ಮಾ ಇದು?”

“ರಕ್ತ ನಿಲ್ಲಿಸೋ ಬಟ್ಟೆ ಅಣ್ಣಾ. ಸೀಗಡಿ ಸಿಪ್ಪೆಯಿಂದ ತೆಗೆದ ಪದಾರ್ಥ ಹಾಕಿರ್ತಾರೆ. ರಕ್ತ ತಾಗಿದ್ರೆ ಅಂಟಂಟಾಗಿ ಗಾಯಾನ ಮುಚ್ಚತ್ತೆ.”

“ಕಸದ ಬುಟ್ಟಿಗೆ ಹಾಕೋ ಸಿಪ್ಪೇನ ಗಾಯಕ್ಕೆ ಹಾಕ್ತೀರಾ? ಅದೂ ಪುಕ್ಕಟೆ! ನಮ್ಮ ಮೇಲೆ ಏನೋ ಪರೀಕ್ಷೆ ನಡೀತಿದೆ.”

“ಪರೀಕ್ಷೆ ಮುಗಿದಿರೋದನ್ನೇ ತಂದಿದ್ದೀನಿ. ಇನ್ನೂ ಬೇಗ ರಕ್ತ ನಿಲ್ಲಿಸೋ ಹೊಸ ಪದಾರ್ಥಗಳನ್ನ ಹುಡುಕ್ತಾನೇ ಇದ್ದಾರೆ, ಅವು ಇದರಲ್ಲಿಲ್ಲ. ಪುಕ್ಕಟೆ ಯಾಕಂದ್ರೆ ದುಡ್ಡು ನಾನು ಕೊಟ್ಟೆ.”

“ನಿಮ್ಮಣ್ಣ ಬೀಗ ಹಾಕಿದ ಮೇಲೂ ನಾಲ್ಕು ಸಲ ಜಗ್ಗಿ ನೋಡ್ತಾರೆ, ಬಿಡಮ್ಮಾ,” ಎಂದು ನಗುತ್ತ ಅವನ ಹೆಂಡತಿ ಕಿಟಕಿ ಗಾಜೊಂದನ್ನು ಎತ್ತಿದಳು. ಗಾಜು ನಡುವೆ ಸೀಳಿತು. ಅವಳ ಮೊಣಕೈ ಕೆಳಗೆ ಆಳವಾಗಿ ಕುಯ್ದು ರಕ್ತ ಚಿಲ್ಲನೆ ಚಿಮ್ಮಿತು.

ಪೇಪರ್ ಚೂರಿಗೆ ಬಗ್ಗುವ ರಕ್ತವಲ್ಲ ಅದು. ತಂಗಿ, ಗಾಯದಲ್ಲಿ ಗಾಜಿನ ಚೂರು ಉಳಿದಿಲ್ಲವೆಂದು ನೋಡಿಕೊಂಡು, ಪೊಟ್ಟಣ ಹರಿದು ಬಟ್ಟೆಯನ್ನು ಒಳಗೆ ತುರುಕಿ ಅಣ್ಣನ ಎರಡೂ ಅಂಗೈಗಳನ್ನು ಅದರ ಮೇಲಿಟ್ಟಳು. “ಮೈಭಾರ ಬಿಟ್ಟು ಒತ್ತು. ಕೈ ಎತ್ತಬೇಡ,” ಎಂದು ಆಂಬ್ಯುಲೆನ್ಸಿಗೆ ಫೋನ್ ಮಾಡಲು ತಿರುಗಿದಳು.

ಒತ್ತಿದ. ಆದರೆ ಮನಸ್ಸು ಕೇಳಬೇಕಲ್ಲ! ಸಿಪ್ಪೆ ನಿಜಕ್ಕೂ ಕೆಲಸ ಮಾಡುತ್ತಿದೆಯೇ? ಅರ್ಧ ನಿಮಿಷವೂ ಆಗಿರಲಿಲ್ಲ, ಬಟ್ಟೆ ಎತ್ತಿ ನೋಡಿದ. ಆಗತಾನೇ ಹೆಪ್ಪುಗಟ್ಟುತ್ತಿದ್ದ ರಕ್ತ ಬಟ್ಟೆಯ ಜೊತೆಗೇ ಕಿತ್ತು ಬಂತು. ಗಾಯ ಮತ್ತೆ ಚಿಮ್ಮಿತು. ಹೆಂಡತಿಯ ತುಟಿ ಬಿಳಿಚಿಕೊಂಡಿತು.

“ಎತ್ತಿಬಿಟ್ಟೆಯಾ ಅಣ್ಣಾ!” ತಂಗಿ ಎರಡನೆಯ ಪೊಟ್ಟಣದ ಬಟ್ಟೆ ತುರುಕಿ, ಅವನ ಕೈ ಮೇಲೆ ತನ್ನ ಕೈಯನ್ನೂ ಇಟ್ಟು ಒತ್ತಿದಳು. “ಗಡಿಯಾರ ನೋಡು. ಗಾಯ ನೋಡಬೇಡ.”

ಜೀವಮಾನದಲ್ಲಿ ಮೊದಲ ಸಲ ಅವನು ನೋಡದೆ ನಂಬಿದ. ಮೂರು ನಿಮಿಷ ಕಳೆಯಿತು, ಐದಾಯಿತು. ಬೆರಳ ಸಂದಿಯಿಂದ ಇಳಿಯುತ್ತಿದ್ದ ರಕ್ತ ನಿಂತಿತು. ಆಂಬ್ಯುಲೆನ್ಸ್ ಬಂದಾಗಲೂ ಅವನು ಹಾಗೇ ಒತ್ತಿ ಹಿಡಿದಿದ್ದ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಹೆಂಡತಿ, “ಈಗಲಾದ್ರೂ ಆ ಬಟ್ಟೆ ಮೇಲಿನ ಅನುಮಾನ ಹೋಯ್ತೇನ್ರೀ?” ಎಂದಳು.

“ಹೋಯ್ತು ಕಣೇ. ಈಗ ನನ್ನ ಕೈ ಮೇಲೇ ಅನುಮಾನ. ಇನ್ನೊಂದು ಸಲ ಎತ್ತಿದ್ದಿದ್ರೆ ನಾನೇ ನಿನ್ನನ್ನ ಕೊಂದಿರ್ತಿದ್ದೆ,” ಎಂದ ಅವನು.

ಬಂಧುಗಳೇ, ಅನುಮಾನ ಪಡುವುದು ತಪ್ಪಲ್ಲ. ಆದರೆ ಪೊಟ್ಟಣ ಕೈಗೆ ಬಂದ ದಿನವೇ ಕೇಳಿಬಿಡಿ: ಏನಿದು, ಯಾರು ಪರೀಕ್ಷಿಸಿದರು, ಅವಧಿ ಮುಗಿದಿಲ್ಲವಷ್ಟೇ? ಬಳಸುವುದನ್ನು ನರ್ಸಮ್ಮನ ಹತ್ತಿರ ಕಲಿಯಿರಿ. ಅಂಥದ್ದು ಸಿಗದಿದ್ದರೆ ಶುಭ್ರವಾದ ಬಟ್ಟೆಯಾದರೂ ಸರಿ. ಆದರೆ ರಕ್ತ ಹರಿಯುವಾಗ ಬಲವಾಗಿ ಒತ್ತಿ, ಆಂಬ್ಯುಲೆನ್ಸ್ ಕರೆಸಿ, ವೈದ್ಯರು ತಮ್ಮ ಕೈ ಇಡುವ ತನಕ ನಿಮ್ಮ ಕೈ ಎತ್ತಬೇಡಿ.